ನೆಲದೊಳಗಿನ ಬಿಸಿ

ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ಇನ್ನೂ ಎದ್ದಿರದ ದಿನಗಳವು. ರಾಯಚೂರಿನ ಯಾವ ಮಾಳಿಗೆ ಏರಿ ನಿಂತರೂ ಕಣ್ಣಿಗೆ ಬೀಳುತ್ತಿದ್ದುದು ಬೋಳು ಬಂಡೆಗುಡ್ಡ, ಮೂಗಿಗೆ ಬಡಿಯುತ್ತಿದ್ದುದು ಎಣ್ಣೆ ಮಿಲ್ಲಿನ ಶೇಂಗಾ ವಾಸನೆ. ಆ ವಾಸನೆ ಹೀರುತ್ತ ಬರಿಗಾಲಲ್ಲಿ ಶಾಲೆಗೆ ಹೋದವರು ನಿಮ್ಮಲ್ಲೂ ಇದ್ದೀರಿ. ನಾನಾಗ ಐದನೆಯ ಇಯತ್ತೆ.

ಆ ವರ್ಷದ ದೀಪಾವಳಿಗೆ ಮುಂಚೆ ಅವ್ವ ಜ್ವರ ಬಂದು ತೀರಿಹೋಗಿದ್ದಳು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ದೇವದುರ್ಗದ ಹತ್ತಿರದ ನಮ್ಮೂರ ಹೊಲದಲ್ಲೇ ಅವಳನ್ನು ಮಣ್ಣು ಮಾಡಿದರು. ಅಪ್ಪ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ಹೆಣ್ಣುಕೂಸನ್ನು ಅಡವಿಯಲ್ಲಿ ಕಟ್ಟಿಕೊಂಡು ತಿರುಗುವುದು ಹೇಗೆಂದು ನನ್ನನ್ನು ರಾಯಚೂರಿಗೆ, ತನ್ನ ತಂಗಿಯ ಮನೆಗೆ ತಂದುಬಿಟ್ಟ.

ಅತ್ತೆ ಕೆಟ್ಟವಳಲ್ಲ. ಅವಳಿಗೆ ಅವಳಿ ಕೂಸುಗಳು. ಹೊತ್ತಿಗೆ ಸರಿಯಾಗಿ ರೊಟ್ಟಿ, ಪುಂಡಿಪಲ್ಯ ಕೊಡುತ್ತಿದ್ದಳು, ಮಾತಾಡಲು ಮಾತ್ರ ಪುರುಸೊತ್ತಿರಲಿಲ್ಲ. ಶಾಲೆಯಲ್ಲಿ ಹುಡುಗಿಯರು ಕಲ್ಲಾಟಕ್ಕೆ ಕುಂತರೆ ಜೋಡಿಗಳು ಮೊದಲೇ ಕೂಡಿರುತ್ತಿದ್ದವು. ನಾನು ಗೋಡೆಗೆ ಒರಗಿ ಯಾರ ಕೈಯಿಂದ ಎಷ್ಟು ಹರಳು ಜಾರಿದವೆಂದು ನೋಡುತ್ತಿದ್ದೆ. ಬೆಳಗಿನಿಂದ ಸಂಜೆತನಕ ಬಾಯಿ ತೆರೆಯದ ದಿನಗಳೂ ಇದ್ದವು.

ಯುಗಾದಿ ಮುಗಿದು ಬೆಳಗಿನ ಶಾಲೆ ಸುರುವಾದಾಗ ಗಂಗಮ್ಮ ಅಕ್ಕೋರು ಭೂಮಿಯ ಪಾಠ ತೆಗೆದರು. ಮಾನ್ವಿಯ ಕಡೆಯವರು, ಸಣ್ಣ ದನಿಯವರು. ಒಂದು ಮಾವಿನಕಾಯಿ ತಂದು ನಮ್ಮೆದುರೇ ಸೀಳಿದರು. "ಈ ಸಿಪ್ಪಿ ನಾವು ನಿಂತಿರೋ ನೆಲ. ಒಳಗಿನ ತಿರುಳು ಕಾದ ಕಲ್ಲು. ನಡುವಿನ ವಾಟಿ ಅದ ನೋಡ್ರಿ, ಅದು ಎಲ್ಲಕ್ಕಿಂತ ಬಿಸಿ, ಬೆಂಕಿ ಬೆಂಕಿ!" ಎಂದು ಹೇಳಿ, ಹೋಳಿಗೆ ಉಪ್ಪು-ಖಾರ ಹಚ್ಚಿ ಎಲ್ಲರಿಗೂ ಹಂಚಿದರು. ಎಲ್ಲರೂ ಲೊಟ್ಟೆ ಹೊಡೆಯುತ್ತ ತಿಂದರು. ನನ್ನ ಹೋಳು ಕೈಯಲ್ಲೇ ಉಳಿಯಿತು.

"ಅಕ್ಕೋರೆ, ಆ ಬೆಂಕಿ ಎಷ್ಟು ಕೆಳಗ ಅದ ರೀ?" ನಾನು ಆ ಶಾಲೆಯಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

"ಯಾಕಬೇ, ರೊಟ್ಟಿ ಸುಡಬೇಕಾಗ್ಯದೇನು?" ಎಂದು ಹಿಂದಿನಿಂದ ಯಾರೋ ಅಂದಳು. ಇಡೀ ವರ್ಗ ನಕ್ಕಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮನೆಯ ಹಿಂದೊಂದು ದೊಡ್ಡ ಬಂಡೆ. ಆ ಮಧ್ಯಾಹ್ನ ಅದರ ಮೇಲೆ ಅಂಗೈ ಇಟ್ಟೆ. ಚುರ್ ಅಂತು. ಬಿಸಿಲಿಗೆ ಕಾದದ್ದೆಂದು ತಿಳಿಯುವ ವಯಸ್ಸೇ ಅದು, ಆದರೆ ತಿಳಿಯಲಿಲ್ಲ. ಕೆಳಗಿನ ಬೆಂಕಿ ಮೇಲಕ್ಕೆ ಬರಾಕತ್ತದ, ಅವ್ವ ನಡುವೆ ಮಲಗ್ಯಾಳ ಎಂದುಕೊಂಡೆ. ಒಳಗೆ ಓಡಿ ಕೊಡ ಎತ್ತಿಕೊಂಡು ಬಂದು ಬಂಡೆಯ ಮೇಲೆ ನೀರು ಸುರಿದೆ.

"ಕುಡಿಯೋ ನೀರು ಕಲ್ಲಿಗೆ ಸುರೀತಿಯಲ್ಲ, ಹುಚ್ಚಿ ಏನವಾ ನೀ?" ಅತ್ತೆ ಕೊಡ ಕಸಿದುಕೊಂಡಳು. ಏನೆಂದು ಹೇಳಲಿ? ಹೇಳಿದರೆ ಅದು ಖರೆಯಾಗಿಬಿಡುತ್ತದೆಂಬ ಭಯ. ಎಂಟು ದಿನ ಆ ಭಯವನ್ನು ನಾನೊಬ್ಬಳೇ ಹೊತ್ತುಕೊಂಡು ತಿರುಗಿದೆ.

ಆಮೇಲೆ ಅಕ್ಕೋರು ಭೂಮಿಯ ಪದರುಗಳ ಚಿತ್ರ ಬರೆದು ತರಲು ಹೇಳಿದರು. ಎಲ್ಲರಂತೆ ನಾನೂ ಮೂರು ದುಂಡು ಗೆರೆ ಎಳೆದೆ. ಮೇಲಿನ ಸಿಪ್ಪೆಯಲ್ಲಿ ಸಣ್ಣದಾಗಿ ಒಬ್ಬ ಹೆಂಗಸನ್ನು ಮಲಗಿಸಿದೆ.

"ಹುಲಿಗೆವ್ವಾ, ಇದ್ಯಾರು?" ಎಂದು ಅಕ್ಕೋರು ನನ್ನನ್ನು ಕೇಳಿದರು.

"ನಮ್ಮವ್ವ ರೀ."

ಅವರು ಪಟ್ಟಿಪುಸ್ತಕ ಮುಚ್ಚಿದರು. ಶಾಲೆ ಬಿಟ್ಟ ಮೇಲೆ ನನ್ನ ಕೈಹಿಡಿದು ಶಾಲೆಯ ಹಿತ್ತಲಿನ ಹಳೆಯ ಬಾವಿಗೆ ಕರೆದೊಯ್ದರು. ಮೆಟ್ಟಿಲಿದ್ದ ಬಾವಿ, ನೀರು ತಳದಲ್ಲಿತ್ತು. ಒಂದೊಂದೇ ಮೆಟ್ಟಿಲು ಇಳಿಯುತ್ತ ಬದಿಯ ಗೋಡೆ ತೋರಿಸಿದರು. ಮೇಲೆ ಕರಿಮಣ್ಣು, ಅದರ ಕೆಳಗೆ ಗರಸು, ಆಮೇಲೆ ಉಗುರಿನಿಂದ ಕೆರೆದರೆ ಉದುರುವ ಹಣ್ಣಾದ ಕಲ್ಲು, ಕಡೆಗೆ ಕರಿ-ಬಿಳಿ ಗೆರೆಗಳ ಗಟ್ಟಿ ಬಂಡೆ.

"ಮುಟ್ಟು."

ಮುಟ್ಟಿದೆ. ಕೈಯಷ್ಟೇ ಅಲ್ಲ, ಕೆನ್ನೆಯನ್ನೂ ಹಚ್ಚಿದೆ. ಮೇಲೆ ಬೆಂಕಿಯಂಥ ಬಿಸಿಲು, ಇಲ್ಲಿ ಗಡಿಗೆಯ ನೀರಿನಂತೆ ತಂಪು.

"ಇಲ್ಲಿಂದ ಮಾನ್ವಿ ಎಷ್ಟು ದೂರ ಅದ, ಬಸ್ಸಿನ್ಯಾಗ ಹೋಗೀಯಲ್ಲ? ಅಷ್ಟು ದೂರ ನೆಟ್ಟಗ ಕೆಳಗ ಇಳದ್ರೂ ಬರೇ ಕಲ್ಲೇ ಇರ್ತದ. ನಿಮ್ಮವ್ವ ಮಲಗಿರೋದು ಆಳುದ್ದ ಮಣ್ಣಾಗ. ಅಲ್ಲೀತನ ಬಿಸಿ ಬರಂಗಿಲ್ಲವಾ."

ಆಗ ನಾನು ಅತ್ತುಬಿಟ್ಟೆ. ಅವ್ವ ಹೋದ ದಿನ ಬಾರದ ಅಳು ಆ ಬಾವಿಯ ಮೆಟ್ಟಿಲ ಮೇಲೆ ಬಂತು. ಅಕ್ಕೋರು ಪಕ್ಕದಲ್ಲೇ ಕುಂತಿದ್ದರು.

ಬೇಸಿಗೆಯ ಸೂಟಿಗೆ ಅಪ್ಪ ಬಂದ. ಮೈಯೆಲ್ಲ ಕುರಿ ವಾಸನೆ, ಕೈಯಲ್ಲಿ ನನಗೆ ತಿನ್ನಲು ತಂದ ಮಂಡಾಳದ ಪೊಟ್ಟಣ. ಅವ್ವ ಹೋದಾಗಿನಿಂದ ನಾವಿಬ್ಬರೂ ಅವಳ ಮಾತು ಎತ್ತಿರಲಿಲ್ಲ. ಅಂಗಳದಲ್ಲಿ ಕುಂತವನ ಕಿವಿಯ ಹತ್ತಿರ ಹೋಗಿ ಹೇಳಿದೆ:

"ಯಪ್ಪಾ, ಅವ್ವಗ ಬಿಸಿ ಹತ್ತಂಗಿಲ್ಲ. ನೆಲದಾಗ ಥಂಡಿ ಇರ್ತದ. ನಾನು ಮುಟ್ಟಿ ನೋಡೀನಿ."

ಅಪ್ಪ ಪೊಟ್ಟಣ ಕೆಳಗಿಟ್ಟ. ಆಮೇಲೆ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ.

"ಥಂಡಿ ಇರ್ತದಂತ ನನಗೊತ್ತಿತ್ತವಾ. ಹಸಿ ಮಣ್ಣಿತ್ತು. ಅದಕ್ಕ ನನ್ನ ಕಂಬಳಿ ಹೊಚ್ಚಿ ಕಳಿಸೀನಿ."

ಅವನೂ ಅಷ್ಟು ದಿನ ಅಡವಿಯಲ್ಲಿ ಒಬ್ಬನೇ ಅದನ್ನೇ ನೆನೆದಿದ್ದ. ಅವತ್ತು ನಾವಿಬ್ಬರೂ ಮೊದಲ ಸಲ ಅವ್ವನ ಮಾತಾಡಿದೆವು. ಆಮೇಲೆ ಅವನು ಬಂದಾಗಲೆಲ್ಲ ಆಡುತ್ತಿದ್ದೆವು. ಅವಳ ಸಿಟ್ಟು, ಅವಳು ಜ್ವಾಳ ಬೀಸುತ್ತ ತೂಕಡಿಸುತ್ತಿದ್ದುದು, ಎಲ್ಲ.

ಅಕ್ಕೋರಿಗೆ ಮರುವರ್ಷವೇ ವರ್ಗವಾಯಿತು. ಅಪ್ಪ ಹೋಗಿಯೂ ಬಹಳ ವರ್ಷಗಳಾದವು. ಅವ್ವನದೊಂದು ಫೋಟೋ ಕೂಡ ಇಲ್ಲ. ಕುರಿಮರಿಗಳನ್ನು ಕರೆಯುವಾಗ ಅವಳು ನಾಲಿಗೆಯಿಂದ ಎಂಥದೋ ಒಂದು ಸದ್ದು ಮಾಡುತ್ತಿದ್ದಳು. ಅದು ಹೇಗಿತ್ತೆಂದು ಅಪ್ಪನನ್ನು ಕೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಕೇಳಲಿಲ್ಲ. ಈಗ ಆ ಸದ್ದು ನೆನಪಿರುವವರು ಯಾರೂ ಉಳಿದಿಲ್ಲ.