ಅಕ್ಕ ಬೇಡವೆನ್ನದ ಕಾರ್ಡುಗಳು

ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಸಾಗುವಾನಿ ಬಾಗಿಲು ಗೋಡೆಗೆ ಒರಗಿ ನಿಂತಿರುತ್ತಿತ್ತು. ಬೀಳಗಿ ಕಡೆಯ ನಮ್ಮೂರಿಗೆ ಹಿನ್ನೀರು ಬಂದಾಗ ಅವ್ವ ಅದನ್ನು ಕೀಳಿಸಿ, ಟ್ರ್ಯಾಕ್ಟರಿನಲ್ಲಿ ಹೇರಿಸಿ ಜಮಖಂಡಿಗೆ ತಂದಿದ್ದಳು. ಪರಿಹಾರದ ರೊಕ್ಕ ಅವ್ವನ ದವಾಖಾನೆಗೇ ಹೋಯಿತು. ಬಾಗಿಲು ಉಳಿಯಿತು. ಸ್ವಂತ ಮನೆ ಮಾಡಿ ಅದನ್ನು ಕೂಡಿಸುತ್ತೇನೆ ಅಂತ ಅಕ್ಕ ಅವ್ವನಿಗೆ ಕೊನೆಗಾಲದಲ್ಲಿ ಮಾತು ಕೊಟ್ಟಿದ್ದಳು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದಕ್ಕೆ ಎಣ್ಣೆ ತಿಕ್ಕುವುದು ಅವಳ ಕೆಲಸ. "ಗೋಡಿನ ಇಲ್ಲದ ಬಾಗಲಕ್ಕ ಇಷ್ಟ ಸಿಂಗಾರ?" ಅಂತ ಕಾಡುವುದು ನನ್ನ ಕೆಲಸ.

ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಅವಳ ಹಳೇ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಕೊರಳಿಗೆ ಟೈ ಕಟ್ಟಿಕೊಂಡು ಕ್ರೆಡಿಟ್ ಕಾರ್ಡ್ ಮಾರತೊಡಗಿದ್ದ ಕಾಲ ಅದು. ಮೊದಲು ಬಂದವನು ಬನಹಟ್ಟಿಯ ಮಗ್ಗದವರ ಮನೆಯ ಹುಡುಗ.

"ಅಕ್ಕೋರ, ಬೇಕಾರ ಕಾರ್ಡ್ ಬಳಸಬ್ಯಾಡ್ರಿ. ಅರ್ಜಿ ಒಂದ್ ಕೊಡ್ರಿ, ನನ್ನ ಟಾರ್ಗೆಟ್ ಆಗತೈತಿ."

ಅಕ್ಕ ಚಹಾ ಕೊಟ್ಟಳು, ಸಹಿಯನ್ನೂ ಕೊಟ್ಟಳು. ಅವನ ಬೆನ್ನಿಗೆ ಮುಧೋಳದವಳು, ಆಮೇಲೆ ಸಾವಳಗಿಯವನು, ಮತ್ತೊಬ್ಬ, ಮಗದೊಬ್ಬ. ಒಬ್ಬೊಬ್ಬರದು ಒಂದೊಂದು ಬ್ಯಾಂಕು. ಎಲ್ಲ ಒಂದೇ ಬೇಸಿಗೆಯಲ್ಲಿ.

"ಬ್ಯಾಡ ಅನ್ನಾಕ ಬಾಯಿ ಇಲ್ಲೇನ ನಿನಗ?" ಅಂದೆ.

"ಇದ್ದ ಬಾಯೆಲ್ಲಾ ದೇವರು ನಿನಗ ಕೊಟ್ಟಾನಲ್ಲ! ಹೋಗು, ಡಿಬೇಟಿನಾಗ ನೀ ಗೆದ್ದ ಕಪ್ಪು ಒರಸು. ಧೂಳ ಕುಂತೈತಿ."

ಮಳೆಗಾಲದಲ್ಲಿ ಮನೆಯ ಮಾಲೀಕರು ಮನೆ ಮಾರಲು ನಿಂತರು. ಮಗನಿಗೆ ಆಪರೇಷನ್ ಆಗಬೇಕಿತ್ತು. "ಮೊದಲ ನಿಮಗ ಕೇಳಾಕತ್ತೇನ್ರಿ ಅಕ್ಕೋರ. ಒಂದ್ ತಿಂಗಳು ಕಾಯ್ತೇನಿ" ಅಂದರು. ಅಕ್ಕ ಬ್ಯಾಂಕಿನಲ್ಲಿ ಗೃಹಸಾಲಕ್ಕೆ ಅರ್ಜಿ ಕೊಟ್ಟು ಬಂದವಳೇ ಸೀರೆಯ ಸೆರಗು ಸಿಕ್ಕಿಸಿ ಬಾಗಿಲಿನ ಅಳತೆ ತೆಗೆದಳು.

ಸಾಲ ಸಿಗಲಿಲ್ಲ. ಜಗಳಾಡಲು ಅಕ್ಕನ ಜೊತೆ ನಾನೂ ಬ್ಯಾಂಕಿಗೆ ಹೋದೆ.

"ಅಕ್ಕೋರ ಕ್ರೆಡಿಟ್ ಸ್ಕೋರ್, ಅಂದ್ರ ಸಾಲದ ನಂಬಿಕಿಯ ಅಂಕ, ನಮ್ಮ ಗೆರಿಗಿಂತ ತುಸು ಕೆಳಗೈತ್ರಿ" ಅಂದರು ಅಲ್ಲಿಯ ಅಧಿಕಾರಿ. "ಸ್ವಲ್ಪ ದಿನದಾಗ ಭಾಳ ಕಾರ್ಡಿಗೆ ಅರ್ಜಿ ಹಾಕ್ಯಾರ."

"ಬಂದ ಕಾರ್ಡಿನ ಲಕೋಟಿ ಸುದ್ದಾ ಒಡದಿಲ್ರಿ ಅಕಿ!"

"ಬಳಸೂದು ಬ್ಯಾರೆ ಮಾತ್ರಿ. ಅರ್ಜಿ ಬಂದ ಕೂಡ್ಲೇ ಬ್ಯಾಂಕಿನವರು ಸಾಲದ ದಾಖಲೆ ತಗಿಸಿ ನೋಡ್ತಾರ. ನೋಡಿದ್ದು ಅಲ್ಲೇ ಉಳೀತೈತಿ. ಒಂದೆರಡಾದ್ರ ಅಷ್ಟೇನಿಲ್ಲ. ಒಂದರ ಹಿಂದ ಒಂದು ಬಿದ್ದರ, ಇವರಿಗೆ ರೊಕ್ಕದ ಅಡಚಣಿ ಐತೇನೋ ಅನಸ್ತೈತಿ. ಅದರಾಗ ಅಕ್ಕೋರು ಹಿಂದ ಸಾಲಾನ ಮಾಡಿಲ್ಲ. ತೀರಿಸ್ಯಾರ ಅಂತ ತೋರ್ಸಾಕ ಏನೂ ಇಲ್ಲ."

"ನಮ್ಮ ಸ್ಕೋರ್ ನಾವ ನೋಡಿಕೊಂಡ್ರೂ ಇಳೀತೈತೇನು?" ಅಂತ ನಾನು ಕೇಳಿದೆ.

"ಇಲ್ರಿ. ನೀವ ನೋಡಿಕೊಂಡ್ರ ಇಳಿಯೂದಿಲ್ಲ."

"ಅಂದ್ರ ಬ್ಯಾರೆಯವರು ಇಣುಕಿದ್ದಕ್ಕ ಮನಿಯವರ ಮ್ಯಾಲ ಅನುಮಾನ! ಅಕಿ ಸಾಲ ಕೇಳಾಕ ಹೋಗಿದ್ದಲ್ರಿ, ಹುಡುಗ್ರಿಗೆ ಸಹಿ ಕೊಡಾಕ ಹೋಗಿದ್ದು."

ಅವರು ನಕ್ಕರು. ಕೆಟ್ಟ ನಗುವಲ್ಲ. "ವಾದದಾಗ ನೀವ ಗೆದ್ರಿ, ತಂಗಿ. ಆದ್ರ ಸ್ಕೋರ್ ಹಾಕಾವ ನಾನಲ್ಲ. ಆರು ತಿಂಗಳು ಎಲ್ಲೂ ಅರ್ಜಿ ಹಾಕಬ್ಯಾಡ್ರಿ, ಏರತೈತಿ. ಈಗ ಬ್ಯಾರೆ ಬ್ಯಾಂಕಿಗೆ ಹೋದ್ರ ಅದೂ ಒಂದು ಕೂಡತೈತಿ."

ಆಪರೇಷನ್ ಆರು ತಿಂಗಳು ಕಾಯುವಂಥದ್ದಲ್ಲ.

ದಾರಿಯಲ್ಲಿ ಅಕ್ಕ ಆಡಿದ್ದು ಒಂದೇ ಮಾತು. "ಆ ಹುಡುಗ್ರಿಗೆ ಇದು ಗೊತ್ತಾಗಬಾರದು ನೋಡು. ಮನಸಿಗೆ ಹಚ್ಕೋತಾವ."

ಮನೆ ಬೇರೆಯವರ ಪಾಲಾಯಿತು. ನಾವು ಸಾಮಾನು ಹೇರುವ ದಿನ, ಟೆಂಪೋ ನಿಂತಿರುವಾಗಲೇ ಇನ್ನೊಬ್ಬ ಟೈ ಕಟ್ಟಿದ ಹುಡುಗ ಬಂದ. "ಅಕ್ಕೋರ, ನೆನಪೈತ್ರಿ? ಹಿಂದಿನ ಬೆಂಚಿನಾಂವ. ಒಂದ ಅರ್ಜಿ..."

"ಬ್ಯಾಡಪಾ" ಅಂದಳು ಅಕ್ಕ.

ಎಷ್ಟು ವರ್ಷ ಅವಳಿಗೆ ಈ ಮಾತು ಕಲಿಸಲು ಹೆಣಗಿದ್ದೆ. ಈಗ ಅವಳ ಬಾಯಲ್ಲಿ ಕೇಳಿದಾಗ, ಕಲಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಹುಡುಗನ ಮುಖ ಸಣ್ಣದಾಯಿತು. ಆದರೂ ಚೀಲವನ್ನು ಕಟ್ಟೆಯ ಮೇಲಿಟ್ಟು, ಟೈ ಅಂಗಿಯೊಳಗೆ ತುರುಕಿ, ಅಕ್ಕ ಹಿಡಿದಿದ್ದ ಬಾಗಿಲಿನ ಇನ್ನೊಂದು ತುದಿಗೆ ಕೈ ಹಚ್ಚಿದ.

"ಭಾಳ ಛಲೋ ಕಟಗಿ ಐತ್ರಿ ಅಕ್ಕೋರ. ಹೊಸಾ ಮನ್ಯಾಗ ಎಲ್ಲಿ ಕೂಡಸ್ತೀರಿ?"

ನಾವು ಹೋಗುತ್ತಿದ್ದುದು ಇನ್ನೊಬ್ಬರ ಮಾಳಿಗೆಯ ಎರಡು ಕೋಣೆಗೆ. ಅಲ್ಲಿ ಹಿತ್ತಲೂ ಇರಲಿಲ್ಲ. ಅಕ್ಕ, ಉತ್ತರ ನಿನ್ನ ಹತ್ತಿರ ಇರುತ್ತದಲ್ಲ ಎನ್ನುವಂತೆ ನನ್ನ ಕಡೆ ನೋಡಿದಳು. ನಾನು ಟೆಂಪೋದ ಹಗ್ಗ ಬಿಗಿಯತೊಡಗಿದೆ.