ಕುದಿಯುವ ಅಂಬಲಿಗೆ ಬಿದ್ದ ಕ್ಯಾಪ್ಸೂಲ್

ಚರ್ಚಾಸ್ಪರ್ಧೆಗಳಲ್ಲಿ ಹರಪನಹಳ್ಳಿಯಿಂದ ಹಡಗಲಿಯವರೆಗೆ ಗೆದ್ದುಬಂದವಳು ನಾನು. ಕೊಟ್ಟೂರಿನ ನಮ್ಮ ಅಡುಗೆಮನೆಯಲ್ಲಿ ಮಾತ್ರ ಅವ್ವನೆದುರು ಒಮ್ಮೆಯೂ ಗೆದ್ದಿರಲಿಲ್ಲ. ಕಳೆದ ವರ್ಷದಿಂದ ಗೆಲ್ಲತೊಡಗಿದೆ. ಕಾರಣ ನನ್ನ ವಾದವಲ್ಲ, ಅವಳ ದಮ್ಮು. ದಪ್ಪ ಮೈ, ಹಳೆಯ ಅಸ್ತಮಾ. ಮಾತಿನ ನಡುವೆ ಉಸಿರು ಸಾಲದೆ ಕೈ ಬೀಸಿ "ಹೋಗ್ಲಿ ಬಿಡು" ಎನ್ನುತ್ತಿದ್ದಳು. ಅಂಥ ಗೆಲುವು ಯಾರಿಗೆ ಬೇಕು? ನನಗೆ ಅವ್ವನ ಪೂರ್ತಿ ಬೈಗುಳ ವಾಪಸ್ಸು ಬೇಕಿತ್ತು.

ಕೂಡ್ಲಿಗಿಯ ಡಾಕ್ಟರಿಗೆ ತೋರಿಸಿದೆ. ಬಾಯಿಗಿಟ್ಟು ಎಳೆಯುವ ಪಂಪನ್ನು ದಿನಾಲೂ ತಪ್ಪಿಸಬಾರದು ಎಂದರು. ಜೊತೆಗೆ ಒಂದು ಕ್ಯಾಪ್ಸೂಲ್ ಬರೆದರು. "ಮೊಸರಿನಾಗ ಇರ್ತಾವಲ್ರಿ, ಅಂಥಾ ಜೀವ ಇರೋ ಬ್ಯಾಕ್ಟೀರಿಯಾ ಅದಾವ ಇದ್ರಾಗ. ಫ್ರಿಜ್‌ನ್ಯಾಗ ಇಡ್ರಿ."

"ಹೊಟ್ಟಿಗೂ ದಮ್ಮಿಗೂ ಏನ್ ಸಂಬಂಧ ಸರ್? ಪುರಾವೆ ಐತೇನ್ರಿ?" ಎಂದು ಎದ್ದೆ.

ಅವರು ಸಿಟ್ಟಾಗಲಿಲ್ಲ. ದಪ್ಪಗಿರುವವರ ಕರುಳಿನ ಬ್ಯಾಕ್ಟೀರಿಯಾ ಏರುಪೇರಾದರೆ ಶ್ವಾಸನಾಳದ ಉರಿಯೂತಕ್ಕೂ ತುಪ್ಪ ಸುರಿದಂತಾಗಬಹುದು ಎಂಬ ಅನುಮಾನವಿದೆಯಂತೆ. ಅದನ್ನು ಸರಿಪಡಿಸಿದರೆ ಅನುಕೂಲವಾದೀತು ಎಂಬ ಆಸೆಯಿದೆ. ಗಟ್ಟಿ ಪುರಾವೆ ಇನ್ನೂ ಇಲ್ಲ. "ಅದಕ್ಕ ಪಂಪ್ ಬಿಡಬ್ಯಾಡ್ರಿ ಅಂದಿದ್ದು. ಇದು ಬರೇ ಜೋಡಿಗೆ."

'ಗೊತ್ತಿಲ್ಲ' ಎಂದು ಒಪ್ಪಿಕೊಳ್ಳುವ ಡಾಕ್ಟರ ಜೊತೆ ಏನು ವಾದಿಸುವುದು? ಕುಳಿತೆ.

ಕೆಲವು ವಾರಗಳಲ್ಲಿ ಅವ್ವನ ಮಾತು ಉದ್ದವಾಯಿತು. ಪಕ್ಕದ ಮನೆಯವಳೆದುರು ಕ್ಯಾಪ್ಸೂಲನ್ನು ಹೊಗಳಿದ್ದೇ ಹೊಗಳಿದ್ದು. "ಮಾತ್ರಿ ಅಲ್ಲವ್ವಾ ಅದು, ಅಮೃತ!" ನನಗೆ ಭಯ ಹುಟ್ಟಿದ್ದೇ ಆಗ. ಹೀಗೆ ನಂಬಿದವಳು ನಾಳೆ ಪಂಪನ್ನು ಎಸೆದುಬಿಟ್ಟರೆ? ಮೊದಲೇ ಅದು ಚಟವಾಗುತ್ತದೆಂದು ಹೆದರಿ, ಎದೆ ತೀರಾ ಬಿಗಿದಾಗ ಮಾತ್ರ ಎಳೆಯುತ್ತಿದ್ದವಳು, ಡಾಕ್ಟರು ಹೇಳಿದ ಮೇಲಷ್ಟೇ ದಿನಾ ಎಳೆಯತೊಡಗಿದ್ದಳು.

ಒಂದು ಬೆಳಿಗ್ಗೆ ನೋಡುತ್ತೇನೆ: ಫ್ರಿಜ್‌ನಿಂದ ಕ್ಯಾಪ್ಸೂಲನ್ನು ಜೋಪಾನವಾಗಿ ತೆಗೆದಳು, ಬಿಚ್ಚಿದಳು, ಕೊತಕೊತ ಕುದಿಯುತ್ತಿದ್ದ ಜೋಳದ ಅಂಬಲಿಗೆ ಸುರಿದು ಸೌಟು ತಿರುವಿದಳು.

"ಯವ್ವಾ! ಏನ್ ಮಾಡಾಕತ್ತಿ ಬೇ?"

"ಮೊಸರಿಂದು ತಂಪಲ್ಲೇನು? ದಮ್ಮಿನವ್ರು ತಂಪು ತಿಂತಾರೇನ್ಲೇ? ಅದಕ್ಕ ದಿನಾ ಕುದಿಸಿ ಕುಡೀತೀನಿ."

"ಜೀವ ಇರೋವು ಅಂದಿದ್ರು ಡಾಕ್ಟ್ರು! ಎಲ್ಲಾನೂ ಬೇಯಿಸಿ ಕುಡ್ದಿಯಲ್ಲ!"

ಸೌಟು ನಿಂತಿತು. "ಅಯ್ಯ ಶಿವನ! ಕೋಳಿ ತತ್ತಿ ಸೈತ ಮುಟ್ಟದ ಮಂದಿ ನಾವು!"

ನಕ್ಕು ಮುಗಿಸಿ ವಾದ ಹೂಡಿದೆ. ಬ್ಯಾಕ್ಟೀರಿಯಾ ಬೆಂದುಹೋಗಿದ್ದರೆ ಉಸಿರು ಸುಧಾರಿಸಿದ್ದು ಯಾವುದರಿಂದ? ದಿನಾಲೂ ತಪ್ಪದೆ ಎಳೆದ ಪಂಪಿನಿಂದಲೇ ಇರಬೇಕು. "ಇನ್ನ ಪಂಪ್ ಬಿಟ್ಟಿ ಅಂದ್ರ ನೋಡು. ನಿನ್ನ ಅಮೃತ ಸೋತೈತಿ."

ಅವ್ವ ಸೆರಗು ಸಿಕ್ಕಿಸಿಕೊಂಡಳು. "ಪಂಪ್ ಬಿಡ್ತೀನಿ ಅಂತ ಯಾರಂದ್ರಲೇ? ಅದು ಸಾಕ್ಷಿ ಹೇಳೇತಿ, ಒಪ್ಪಿದೆ. ಆದ್ರ ಮಾತ್ರಿ ಪಾಪ ಬಾಯೇ ತೆರೆದಿಲ್ಲ, ನಾನ ಬೇಯಿಸೀನಿ. ಬಾಯಿ ತೆರೆಯೋಕಿಂತ ಮೊದ್ಲ ಸೋತೈತಿ ಅಂತ ತೀರ್ಪು ಕೊಡಾಕ ನೀ ಯಾವ ಊರ ಜಡ್ಜು? ಕಾಲೇಜಿನಾಗ ಇದನ್ನ ಕಲ್ಸ್ಯಾರೇನು? ನಾಳಿಯಿಂದ ತಣ್ಣನ ನೀರಾಗ ನುಂಗ್ತೀನಿ, ಪಂಪೂ ಎಳೀತೀನಿ, ಸಂಜಿಕ ಕೆರಿ ಮಟ ನಡೀತೀನಿ, ಆಮ್ಯಾಲ ಮಾತಾಡೂಣು, ಬಾ!"

ನಡುವೆ ಎಲ್ಲೂ ನಿಲ್ಲಲಿಲ್ಲ, ಕೈ ಬೀಸಲಿಲ್ಲ. ಈ ಸಲ ಸೋತವಳು ನಾನೇ; ಒಲೆ ಆರಿಸಲು ಬಾಗಿದೆ. ಅಷ್ಟರಲ್ಲಿ ಅಂಬಲಿ ತಳ ಹಿಡಿದಿತ್ತು.