ಹ್ಞೂಂ ಅನ್ನುವವರು

ತಂಗಿ ತೀರಿಕೊಂಡ ಮೇಲೆ ಅವಳ ದನಿ ಉಳಿದದ್ದು ನನ್ನ ಮೊಬೈಲಿನಲ್ಲಿ. ಅವಳು ತಿಕೋಟಾದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಮಕ್ಕಳು ಮನೆಯಲ್ಲಿ ಕೇಳಿ ಬಂದ ಕತೆಗಳನ್ನು ಅವರ ಬಾಯಲ್ಲೇ ಹೇಳಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಮಾಡುತ್ತಿದ್ದಳು. ಸುತ್ತಲಿನ ಶಾಲೆಗಳಲ್ಲಿ ಅದನ್ನು ಕೇಳಿಸುತ್ತಿದ್ದರು. ಬಬಲೇಶ್ವರದ ಗ್ರಂಥಾಲಯದಲ್ಲಿ ಶನಿವಾರ ಸ್ಪೀಕರಿಗೆ ಹಚ್ಚುತ್ತಿದ್ದರು. ನಾನು ಜಲನಗರದ ಬಾಡಿಗೆ ಮನೆಯಲ್ಲಿ ಹೊಲಿಗೆ ಮಷೀನಿನ ಮೇಲೆ ಮೊಬೈಲ್ ಇಟ್ಟುಕೊಂಡು ಕೇಳುತ್ತಿದ್ದೆ.

ನಮ್ಮ ಕಡೆ ಕತೆ ಹೇಳುವಾಗ ಎದುರಿಗೆ ಒಬ್ಬರು ಹ್ಞೂಂ ಅನ್ನಬೇಕು. ಅವ್ವ ಕತೆ ಹೇಳಿದರೆ ನಾವಿಬ್ಬರೂ ಪಾಳಿ ಹಚ್ಚಿ ಹ್ಞೂಂ ಅನ್ನುತ್ತಿದ್ದೆವು. ನಮಗೆ ನಿದ್ದೆ ಬಂದು ಹ್ಞೂಂ ನಿಂತರೆ ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು. ತಂಗಿ ಶಾಲೆಯಲ್ಲೂ ಅದೇ ರೂಢಿ ಇಟ್ಟುಕೊಂಡಳು. ಮಗು ಒಂದು ಮಾತು ಹೇಳಿ ತಡೆಯುತ್ತಿತ್ತು, ಅವಳು ಹ್ಞೂಂ ಅನ್ನುತ್ತಿದ್ದಳು, ಕತೆ ಮುಂದೆ ಸಾಗುತ್ತಿತ್ತು.

ಮಳೆಗಾಲದಲ್ಲಿ ಕಾಮಾಲೆಯಾಗಿ ಹೋಗಿಬಿಟ್ಟಳು.

ಅದಾದ ಕೆಲವು ವಾರಕ್ಕೆ ಒಂದು ಹಳೆಯ ಕತೆ ಹಚ್ಚಿದೆ. ಅವಳು ನಮಸ್ಕಾರ ಹೇಳಿ ತನ್ನ ಹೆಸರು ಹೇಳುತ್ತಿದ್ದ ಜಾಗದಲ್ಲಿ ಗಂಡಸಿನ ದನಿ ಬಂತು. ಇದು ತನ್ನ ಕಾರ್ಯಕ್ರಮ, ತನ್ನ ಕಲ್ಪನೆ ಎಂದು ಹೇಳುತ್ತಿದ್ದ. ಅದೇ ಶಾಲೆಯ ಮಾಸ್ತರ. ರೆಕಾರ್ಡ್ ಮಾಡಿದ್ದನ್ನು ಇಂಟರ್ನೆಟ್ಟಿಗೆ ಹಾಕುವುದಷ್ಟೇ ಅವನ ಕೆಲಸವಾಗಿತ್ತು. ಎಲ್ಲ ಕತೆಗಳಲ್ಲೂ ಅವಳ ಹೆಸರು ಕತ್ತರಿಸಿದ್ದ. ನಡುವಿನ ಹ್ಞೂಂ ಮಾತ್ರ ಬಿಟ್ಟಿದ್ದ. ಅದು ಯಾರ ದನಿ ಅಂತ ಯಾರು ಕೇಳುತ್ತಾರೆ ಅಂದುಕೊಂಡಿರಬೇಕು.

ಫೋನ್ ಮಾಡಿದೆ.

"ಸರ, ನನ್ನ ತಂಗಿ ಹೆಸರು ಯಾಕ ತಗದೀರಿ?"

"ಅಕ್ಕಾರ, ತೀರಿಹೋದವರ ಹೆಸರು ಕೇಳಿದ್ರ ಮಕ್ಕಳಿಗಿ ತ್ರಾಸ ಆಕ್ಕೈತ್ರಿ."

"ನಿಮ್ಮ ಹೆಸರು ಕೇಳಿದ್ರ ಆಗಂಗಿಲ್ಲೇನ್ರಿ?"

"ನೀವು ಹೊಲಿಗಿ ಮಾಡೂವ್ರು. ಇದೆಲ್ಲ ನಿಮಗ ತಿಳಿಯಂಗಿಲ್ಲ ಬಿಡ್ರಿ."

ದೇವರು ನೋಡಿಕೊಳ್ಳುತ್ತಾನೆ ಎಂದರು ನೆರೆಮನೆಯವರು. ದೇವರಿಗೆ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ. ಅವನ ಬಾಯಿಂದಲೇ ಅವಳ ಹೆಸರು ಹೇಳಿಸಬೇಕಿತ್ತು. ಮಷೀನು ತುಳಿಯುವಾಗ ಬಟ್ಟೆಯ ಜಾಗದಲ್ಲಿ ಅವನ ತುಟಿಗಳು ಕಾಣುತ್ತಿದ್ದವು.

ಬಬಲೇಶ್ವರದ ಗ್ರಂಥಾಲಯದಲ್ಲಿ ಜನರ ಎದುರೇ ಒಂದು ಕತೆ ರೆಕಾರ್ಡ್ ಮಾಡುತ್ತಾರೆಂದು ತಿಳಿದು, ಬಸ್ಸು ಹತ್ತಿ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಮಾಸ್ತರನಿಗೆ ಶಾಲು ಹೊದಿಸಿದರು. ಅವನು ಮೈಕು ಹಿಡಿದು ಹೇಳಿದ: "ರೆಕಾರ್ಡಿಂಗ್ ಐತಿ. ಯಾರೂ ತುಟಿ ಪಿಟಕ್ ಅನಬ್ಯಾಡ್ರಿ." ಅಜ್ಜಿಯಂದಿರು ಮೊಮ್ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದರು.

ತಂಗಿಯ ತರಗತಿಯ ಹುಡುಗಿಯೊಬ್ಬಳು ಎದ್ದಳು. "ಒಂದ ಊರಾಗ ಒಂದ ಮುದಕಿ ಇತ್ತಂತ" ಅಂದು ನಿಂತಳು.

ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇಲ್ಲ.

"ಮುಂದ ಹೇಳವಾ" ಅಂದ.

"ಒಂದ ಊರಾಗ ಒಂದ ಮುದಕಿ ಇತ್ತಂತ." ಮತ್ತೆ ನಿಂತಳು.

"ಮರತಿಯೇನ?"

"ಇಲ್ರಿ ಸರ. ಯಾರೂ ಹ್ಞೂಂ ಅನವಲ್ರು."

ಅವನೇ ಗಡಿಬಿಡಿಯಿಂದ ಹ್ಞೂಂ ಹ್ಞೂಂ ಹ್ಞೂಂ ಅಂದ. ಮುಂದಿನ ಸಾಲಿನ ಅಜ್ಜಿಗೆ ತಡೆಯಲಾಗಲಿಲ್ಲ. "ಯಪ್ಪಾ, ಎಮ್ಮಿ ಹೊಡ್ಯಾಕತ್ತಿಯೋ, ಕತಿ ಕೇಳಾಕತ್ತಿಯೋ?" ಸಭೆಯೆಲ್ಲ ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ. "ನಮ್ಮ ಕನ್ನಡಾ ಕಲಸೂ ಅಕ್ಕೋರು ಹಂಗ ಅಂತಿದ್ದಿಲ್ರಿ" ಅಂದಳು.

ನನ್ನ ಗಂಟಲಲ್ಲಿ ಹ್ಞೂಂ ಬಂದು ಕೂತಿತ್ತು. ಸೆರಗಿನ ತುದಿ ಕಚ್ಚಿ ಹಿಡಿದೆ. ಅವನು ಬೆವರು ಒರೆಸಿಕೊಳ್ಳಲಿ, ಇನ್ನಷ್ಟು ಒರೆಸಿಕೊಳ್ಳಲಿ ಅಂತ ಕೂತೆ. ಕೊನೆಗೆ ಅವನ ಕಣ್ಣು ನನ್ನ ಮೇಲೆ ಬಿತ್ತು. ತಂಗಿಯ ಮಣ್ಣಿಗೆ ಬಂದಾಗ ನನ್ನನ್ನು ನೋಡಿದ್ದ.

"ಅಕ್ಕಾರ, ನೀವರ ಹ್ಞೂಂ ಅನ್ರಿ."

ಎದ್ದು ನಿಂತೆ. "ಮೊದಲ ಯಾರು ಅಂತಿದ್ರು, ಹೇಳ್ರಿ ಸರ. ಮೈಕಿನಾಗ."

"ನಮ್ಮ ಸಾಲಿ ಒಬ್ರು ಟೀಚರ್…"

"ಹೆಸರು?"

ಉಗುಳು ನುಂಗಿದ. ಆಮೇಲೆ ಹೇಳಿದ, ಮನೆತನದ ಅಡ್ಡಹೆಸರು ಸಹಿತ.

"ಈ ಕತಿ ಕೆಲಸಾ ಸುರು ಮಾಡಿದ್ದು ಯಾರ್ರಿ?"

"ಅವರಽ" ಅಂದ. ಶಾಲು ಭುಜದಿಂದ ಜಾರಿತ್ತು. ಎತ್ತಿಕೊಳ್ಳಲಿಲ್ಲ.

ಆಗ ನಾನು ಹುಡುಗಿಯ ಕಡೆ ತಿರುಗಿ ಹ್ಞೂಂ ಅಂದೆ. ಮುದುಕಿಯ ಕತೆ ಮುಂದೆ ಹೋಯಿತು. ಕೊನೆಯವರೆಗೂ ನಾನೇ ಹ್ಞೂಂ ಅಂದೆ.

ರೆಕಾರ್ಡ್ ಆಗಿದ್ದು ಗ್ರಂಥಾಲಯ ನೋಡಿಕೊಳ್ಳುವ ಮೇಡಂ ಅವರ ಮೊಬೈಲಿನಲ್ಲಿ. ಆ ಭಾಗ ತೆಗೆಯಿರಿ ಅಂತ ಅವನು ಅವರನ್ನು ಬೇಡಿಕೊಂಡನಂತೆ. "ಕತ್ತರಿಸೂದು ನಮಗ ಬರಂಗಿಲ್ಲರಿ ಸರ, ಅದು ನಿಮ್ಮ ಕಲೆ" ಅಂದು ಅವರು ಇದ್ದ ಹಾಗೆಯೇ ಎಲ್ಲ ಶಾಲೆಗಳಿಗೂ ಕಳಿಸಿದರು.

ಅದನ್ನು ದಿನವೂ ಹಚ್ಚುತ್ತೇನೆ. ಮುದುಕಿಯ ಕತೆಗಾಗಿ ಅಲ್ಲ. ಅವನು ಉಗುಳು ನುಂಗುವ ಸಪ್ಪಳ ಮೈಕಿನಲ್ಲಿ ಸ್ವಚ್ಛ ಬಂದಿದೆ. ಅದರ ಹಿಂದೆಯೇ ನನ್ನ ತಂಗಿಯ ಹೆಸರು. ಅಷ್ಟು ಕೇಳಿ, ಮತ್ತೆ ಹಿಂದಕ್ಕೆ ಸರಿಸಿ, ಮತ್ತೆ ಕೇಳುತ್ತೇನೆ.